ಚಂದ್ರಾಮನ ರಿಲೀವರುಗಳು

ಶಹಾಬಾದಿನ ಸುಜ್ಞಾನ ಬಾಲಕರ ವಿದ್ಯಾಮಂದಿರದ ವಿಷಯ ತೆಗೆದರೆ ನಮ್ಮ ವಾಡಿಯ ಮಂದಿ ಮೊದಲು ಧ್ವನಿ ತಗ್ಗಿಸುತ್ತಾರೆ, ಆಮೇಲೆ ಮಾತಾಡುತ್ತಾರೆ. ಅದು ಸರ್ಕಾರದ್ದಲ್ಲ, ಮಠದ್ದಲ್ಲ, ಸಿಮೆಂಟ್ ಕಂಪನಿಯದ್ದೂ ಅಲ್ಲ. ಕಲ್ಲಿನ ಗಣಿಯಲ್ಲಿ ಗಳಿಸಿದ ಒಬ್ಬ ಸಾಹುಕಾರ, ತಾನು ಓದಲಿಲ್ಲವೆಂಬ ಸಿಟ್ಟಿಗೆ, ತನ್ನದೇ ಗಣಿಯ ಫರಸಿಕಲ್ಲು ಹಾಸಿ ಕಟ್ಟಿಸಿದ ಶಾಲೆ. ಗಂಡುಹುಡುಗರಿಗೆ ಮಾತ್ರ, ಆರನೇ ಇಯತ್ತೆಯಿಂದ ಹತ್ತರವರೆಗೆ. ಹಾಸ್ಟೆಲ್ ಇಲ್ಲ, ಬೆಳಿಗ್ಗೆ ಬರಬೇಕು, ಸಂಜೆ ಮನೆಗೆ ಹೋಗಬೇಕು. ಹೀಗಾಗಿ ಸೇಡಂ, ಚಿಂಚೋಳಿ ಕಡೆಯ ಮಂದಿ ಮಗನಿಗೆ ಸೀಟು ಸಿಕ್ಕ ಮರುದಿನವೇ ಶಹಾಬಾದಿನಲ್ಲಿ ಬಾಡಿಗೆ ಮನೆ ಹುಡುಕುತ್ತಾರೆ. ಆ ಓಣಿಯ ಮನೆ ಮಾಲೀಕರು ಫಲಿತಾಂಶದ ವಾರ ಗೋಡೆಗೆ ಸುಣ್ಣ ಹಚ್ಚಿಸಿಕೊಂಡು ಕಾಯುತ್ತಿರುತ್ತಾರೆ.

ಅಲ್ಲಿ ವಶೀಲಿ ನಡೆಯುವುದಿಲ್ಲ. ದೊಡ್ಡವರ ಚೀಟಿ ತಂದವರಿಗೆ ಕುರ್ಚಿ ಕೊಟ್ಟು, ಚಹಾ ಕೊಟ್ಟು, ಚೀಟಿಯನ್ನೂ ವಾಪಸು ಕೊಟ್ಟು ಕಳಿಸುತ್ತಾರೆ. ಹುಡುಗ ಪರೀಕ್ಷೆ ಬರೆದು ಪಾಸಾಗಬೇಕು. ಪಾಸಾದ ಮೇಲೆ ಇನ್ನೊಂದು ಘಟ್ಟವಿದೆ. ಶಾಲೆಯವರು ಅದನ್ನು 'ಪಾಲಕರ ಭೇಟಿ' ಎಂದು ಕರೆಯುತ್ತಾರೆ. ವಾಡಿಯಲ್ಲಿ ಅದರ ಹೆಸರು 'ಅಪ್ಪನ ಪರೀಕ್ಷೆ'. ಹೋದ ವರ್ಷ ಒಬ್ಬ ಇಂಜಿನಿಯರರ ಮಗ ಬರವಣಿಗೆಯಲ್ಲಿ ಎಲ್ಲರಿಗಿಂತ ಮುಂದಿದ್ದ; ಅಪ್ಪ ಒಳಗೆ ಹೋಗಿ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು ಹೊರಗೆ ಬಂದರು, ಸೀಟು ಹೋಯಿತು. ಆ ಪ್ರಶ್ನೆ ಯಾವುದೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಮ್ಮ ಓಣಿಯಲ್ಲಿ ಅದು ದಿನಕ್ಕೊಂದು ರೂಪ ತಾಳುತ್ತಿತ್ತು. ಒಬ್ಬರು ವರ್ಗಮೂಲ ಎಂದರು, ಒಬ್ಬರು ರಾಜ್ಯಪಾಲರ ಹೆಸರು ಎಂದರು, ಒಬ್ಬರು ಇಂಗ್ಲಿಷಿನಲ್ಲಿ ಮಗನ ಗುಣವರ್ಣನೆ ಎಂದರು.

ಇಂಥ ಶಾಲೆಗೆ ನಮ್ಮ ಓಣಿಯ ಚಂದ್ರಾಮನ ಮಗ ರತ್ನದೀಪ ಪಾಸಾದ.

ಚಂದ್ರಾಮ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಹಳಿ ಕವಲೊಡೆಯುವ ಜಾಗದಲ್ಲಿ ನಿಂತು ಗಾಡಿ ತಪ್ಪು ದಾರಿ ಹಿಡಿಯದಂತೆ ನೋಡಿಕೊಳ್ಳುವುದು ಅವನ ಕೆಲಸ. ಗಾಡಿಗಳ ಮಟ್ಟಿಗೆ ಅವನಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿಲ್ಲ. ಆ ಎಚ್ಚರವೆಲ್ಲ ಅಲ್ಲೇ ಖರ್ಚಾಗಿ ಮನೆಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಅವನಿಗೆ ಗೊತ್ತಿರುವ ಕಾನೂನು ಒಂದೇ. ರಿಲೀವರ್, ಅಂದರೆ ಮುಂದಿನ ಪಾಳಿಯವನು, ಬಂದು ಚಾರ್ಜ್ ತೆಗೆದುಕೊಳ್ಳುವವರೆಗೆ ಜಾಗ ಬಿಡಬಾರದು. ತನ್ನಿಂದ ಆಗದಿದ್ದರೆ ಆಗುವವನನ್ನು ಕಳಿಸಬೇಕು. ಈ ಕಾನೂನನ್ನು ಅವನು ಸಂಸಾರಕ್ಕೂ ಹಚ್ಚಿದ್ದ. ತಮ್ಮಿಬ್ಬರ ಮದುವೆಯ ದಿನವೂ ಅವನು ಯಾರೋ ರಿಲೀವರ್ ಬಂದು ತನ್ನನ್ನು ಬಿಡಿಸುತ್ತಾನೆಂಬಂತೆ ಬಾಗಿಲ ಕಡೆಗೇ ನೋಡುತ್ತಿದ್ದನೆಂದು ಅವನ ಹೆಂಡತಿ ಶಿವಕಾಂತಮ್ಮ ಈಗಲೂ ಹೇಳುತ್ತಾಳೆ.

ಮಗ ಪಾಸಾದ ಸಂಜೆ ಅವನು ಅಬ್ದುಲ್ ಗನಿಯ ಟೇಲರ್ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದ. ಎಲ್ಲರಿಗೂ ಪೇಢೆ ಹಂಚಿಯಾಗಿತ್ತು.

"ಇನ್ನ ಏನೂ ಉಳಿದಿಲ್ಲ ಗನಿಭಾಯಿ. ನಾ ಹೋಗಿ ಒಂದು ಸಹಿ ಮಾಡೂದು ಅಷ್ಟೇ."

ಗನಿ ಬಾಯಿಂದ ದಾರ ತೆಗೆದು, "ಸಹಿ ಅಲ್ಲೋ ಚಂದ್ರಾಮ, ನಿಂದು ಪರೀಕ್ಷಾ ಅದ. ಇಂಜಿನಿಯರೇ ಫೇಲ್ ಆಗ್ಯಾನ. ನೀ ಎಷ್ಟು ಓದೀದಿ?" ಎಂದ.

ಚಂದ್ರಾಮ ಕಾಲ ಮೇಲಿನ ಕಾಲು ಇಳಿಸಿದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಅವನನ್ನು ಕೈಬಿಟ್ಟಿತ್ತು, ಆಮೇಲೆ ಅವನೂ ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ. ಕೈಯಲ್ಲಿದ್ದ ಅರ್ಧ ಪೇಢೆಯನ್ನು ಡಬ್ಬಿಗೇ ವಾಪಸು ಇಟ್ಟು ಎದ್ದು ಹೋದ. ನಾನು ಅಲ್ಲೇ ಪ್ಯಾಂಟಿನ ಅಳತೆ ಕೊಡುತ್ತಿದ್ದೆ, ಹಾಗಾಗಿ ಕಣ್ಣಾರೆ ಕಂಡದ್ದು.

ನಾನು ಯಾರೆಂದು ಹೇಳಬೇಕು. ಹೆಸರು ವಾಸುದೇವ, ಅದೇ ಓಣಿಯವ, ವಿಮಾ ಏಜೆಂಟ್. ನಾನು ಕಟ್ಟೆಗೆ ಬಂದು ಕುಳಿತರೆ ತಮ್ಮ ಆಯುಷ್ಯದ ಮಾತು ಬರುತ್ತದೆಂದು ಮಂದಿ ಒಬ್ಬೊಬ್ಬರಾಗಿ ಏಳುತ್ತಾರೆ. ಪದವೀಧರ, ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲೆ, ನಾಲ್ಕು ಮಂದಿಯೆದುರು ಮಾತಾಡಬಲ್ಲೆ. ಆದರೂ ಮುಂದೆ ನಡೆದ ವ್ಯವಹಾರದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಇದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ; ಸುಮ್ಮನೆ ಹೇಳಿದೆ.

ಮರುದಿನ ಬೆಳಿಗ್ಗೆ ಚಂದ್ರಾಮ ಆನಂದತೀರ್ಥಾಚಾರ್ಯರ ಮನೆಯ ಮುಂದೆ ನಿಂತಿದ್ದ. ಆಚಾರ್ಯರು ಗಣಿತದ ಮಾಸ್ತರರಾಗಿ ನಿವೃತ್ತರು. ಜಿಲ್ಲೆಯ ಅರ್ಧ ಮಂದಿಗೆ ಅವರ ಕೈಯ ಛಡಿಯೇಟಿನ ರುಚಿ ಗೊತ್ತು.

"ಆಚಾರ್ರ, ಗುರುವಾರ ಶಹಾಬಾದಿಗೆ ಹೋಗಿ ರತ್ನದೀಪನ ತಂದಿ ಆಗಿ ಬರಬೇಕ್ರಿ."

ಆಚಾರ್ಯರು ತುಳಸಿಗೆ ಹಾಕುತ್ತಿದ್ದ ನೀರನ್ನು ತಮ್ಮ ಕಾಲಿಗೆ ಹಾಕಿಕೊಂಡರು. "ಚಂದ್ರಾಮಾ, ನನಗ ಎಪ್ಪತ್ತು ದಾಟ್ಯಾವ. ಈ ವಯಸ್ಸಿನ್ಯಾಗ ಹತ್ತು ವರ್ಷದ ಮಗಾ ಅಂದ್ರ ನಮ್ಮ ಮನ್ಯಾಗ ಏನಂತಾರ?"

"ತಂದಿ ಅಂದ್ರ ಖರೇ ತಂದಿ ಅಲ್ರಿ. ರಿಲೀವರ್ ಅಂತ ತಿಳ್ಕೋರಿ. ನಾ ಆ ಕೆಲಸದಾಗ ಟ್ರೇನಿಂಗ್ ಆದಾಂವ ಅಲ್ಲ. ಟ್ರೇನಿಂಗ್ ಇಲ್ಲದಾಂವ ಪಾಯಿಂಟ್ ಮುಟ್ಟಿದ್ರ ಗಾಡಿ ಎಲ್ಲಿ ಹೋಗಿ ನಿಂದರ್ತದ ನೀವೇ ಹೇಳ್ರಿ."

ಆಚಾರ್ಯರು ಬಹಳ ಹೊತ್ತು ಯೋಚಿಸಿ, "ನೋಡೂಣು" ಎಂದರು.

ನಮ್ಮ ಕಡೆ ದೊಡ್ಡವರು ನೋಡೂಣು ಅಂದರೆ ಆಗಲಿ ಎಂದೂ ಆಗಬಹುದು, ಎದ್ದು ಹೋಗು ಎಂದೂ ಆಗಬಹುದು. ಚಂದ್ರಾಮ ರೈಲ್ವೆ ಮನುಷ್ಯ. ರಿಲೀವರ್ ಖಾತ್ರಿಯಿಲ್ಲವೆಂದರೆ ಇನ್ನೊಬ್ಬನನ್ನು ಸ್ಪೇರ್ ಇಡುವುದು ಅವನ ರೂಢಿ. ಸೀದಾ ಗನಿಯ ಅಂಗಡಿಗೆ ಹೋದ.

"ಬಸ್, ಇಷ್ಟೇನಾ?" ಎಂದ ಗನಿ. "ಫಿಕರ್ ಮಾಡಬ್ಯಾಡ. ಮಾತಾಡೂದು ನನಗ ಬಿಡು. ಅವರು ಒಂದು ಕೇಳಿದ್ರ ನಾ ನಾಕು ಹೇಳ್ತೀನಿ. ಜರಾ ಬಟ್ಟಿ ಮಾತ್ರ ಚಲೋ ಬೇಕು." ಹೊಲಿದು ತೂಗುಹಾಕಿದ್ದ ಯಾರದೋ ಮದುವೆಯ ಶೇರ್ವಾನಿಯ ಕಡೆ ಅವನ ಕಣ್ಣು ಆಗಲೇ ಹೋಗಿತ್ತು.

ಚಂದ್ರಾಮ ಆ ರಾತ್ರಿ ನೆಮ್ಮದಿಯಿಂದ ಮಲಗಿದ. ಶಿವಕಾಂತಮ್ಮ ಮಲಗಲಿಲ್ಲ. ಗಂಡ ಮಾಡಿದ ಬಂದೋಬಸ್ತು ಎಲ್ಲಿಗೆ ಮುಟ್ಟುತ್ತದೆಂದು ಆಕೆಗೆ ಅನುಭವವಿತ್ತು. ಗಂಡನಿಗೆ ಹೇಳದೆ ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ತಮ್ಮ ಲಾಲಪ್ಪನಿಗೆ ಫೋನ್ ಹಚ್ಚಿದಳು. ಲಾಲಪ್ಪ ಕಪ್ಪು ಕನ್ನಡಕ ಹಾಕುತ್ತಿದ್ದ, ಪ್ರತಿ ಮಾತಿನ ಕೊನೆಗೆ 'ಆಕ್ಚುಲಿ' ಎನ್ನುತ್ತಿದ್ದ. ಓಣಿಯಲ್ಲಿ ಇದನ್ನೇ ಇಂಗ್ಲಿಷ್ ಎಂದು ತಿಳಿಯುತ್ತಿದ್ದರು.

ಹೀಗೆ ಮೂವರೂ ಬೇರೆ ಬೇರೆಯಾಗಿ ರತ್ನದೀಪನನ್ನು ಪಕ್ಕಕ್ಕೆ ಕರೆದು, "ಗುರುವಾರ ನನಗ ಅಪ್ಪಾ ಅನ್ನಬೇಕು, ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದು ಹೇಳಿದರು. ಹುಡುಗ ಪ್ರತಿ ಸಲವೂ ಹೂಂ ಅಂದ. ದೊಡ್ಡವರ ಮಾತಿಗೆ ಇಲ್ಲ ಅನ್ನುವ ಪೈಕಿ ಅಲ್ಲ ಅವನು.

ಗುರುವಾರ ಬೆಳಿಗ್ಗೆ ನಾನು ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತಿದ್ದೆ. ಮುಂದಿನ ಡಬ್ಬಿಗೆ ಆಚಾರ್ಯರು ಹತ್ತಿದರು. ಜರಿಯಂಚಿನ ಧೋತರ, ಕೋಟು, ರುಮಾಲು.

"ಎತ್ತ ಹೊಂಟೀರಿ ಆಚಾರ್ರ?"

"ಕಣ್ಣು ತೋರಿಸ್ಲಿಕ್ಕೆ."

ಹಿಂದಿನ ಡಬ್ಬಿಗೆ ಗನಿ ಹತ್ತಿದ. ಮೈಮೇಲೆ ಮೋತಿ ಹಚ್ಚಿದ ಶೇರ್ವಾನಿ. "ಗುಂಡಿ ತರ್ಲಾಕ ಹೊಂಟೀನಿ" ಎಂದ. ನಡುವಿನ ಡಬ್ಬಿಗೆ ಚಂದ್ರಾಮ ಮಗನ ಕೈ ಹಿಡಿದು ಹತ್ತಿದ. ಮೂವರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕಣ್ಣು ತೋರಿಸಲಿಕ್ಕೆ ಜರಿ ಧೋತರ, ಗುಂಡಿ ತರಲಿಕ್ಕೆ ಶೇರ್ವಾನಿ. ಇಷ್ಟಾದ ಮೇಲೂ ಚಹಾ ಕುಡಿಯುತ್ತ ಕೂರಲು ನಾನೇನು ಕಲ್ಲಲ್ಲ. ಲೋಟ ಇಟ್ಟು ನಾನೂ ಹತ್ತಿದೆ.

ಶಾಲೆಯ ಅಂಗಳದಲ್ಲಿ ಬೇವಿನ ಮರ, ಅದರ ಸುತ್ತ ಕಲ್ಲಿನ ಬೆಂಚು. ವರಾಂಡದ ಗೋಡೆಯ ಮೇಲೆ ದೊಡ್ಡ ಬೋರ್ಡು: ಸುಳ್ಳು ಮಾಹಿತಿ ನೀಡಿದಲ್ಲಿ ಸೀಟು ರದ್ದು. ಅದರ ಕೆಳಗೆ ಸ್ಟೂಲಿನ ಮೇಲೆ ಜವಾನ ಚಾಂದ್ ಕುಳಿತಿದ್ದ. ಪ್ರಿನ್ಸಿಪಾಲ್ ಗುರುಲಿಂಗಯ್ಯನವರ ಕೋಣೆಯ ಬಾಗಿಲು ಅವನ ಬೆನ್ನಿಗೇ ಇತ್ತು. ಒಳಗಿನ ಮಾತು ಅವನ ಕಿವಿಗೆ ಬೀಳದೆ ಎಲ್ಲಿಗೂ ಹೋಗುತ್ತಿರಲಿಲ್ಲ. ಒಳಗಿನದ್ದೆಲ್ಲ ನನಗೆ ಅವನೇ ಆಮೇಲೆ ಹೇಳಿದ್ದು.

ಆಚಾರ್ಯರು ಗೇಟಿನಲ್ಲಿ ಕಂಡದ್ದೇ ಚಂದ್ರಾಮನ ಮುಖ ಅರಳಿತು. ಓಡಿ ಹೋಗಿ ಮಗನ ಕೈಯನ್ನು ಅವರ ಕೈಗಿಟ್ಟು, "ಚಾರ್ಜ್ ಕೊಟ್ಟೆರಿ" ಎಂದ. ಕಾನೂನಿನ ಪ್ರಕಾರ ಅವನು ಅಲ್ಲಿಂದ ಹೋಗಬಹುದಿತ್ತು. ಆದರೂ ಬೇವಿನ ಮರದ ಕೆಳಗೆ ಚೀಲ ಹಿಡಿದು ನಿಂತೇ ಇದ್ದ. ಕುಳಿತುಕೊಳ್ಳಲೂ ಇಲ್ಲ.

"ರತ್ನದೀಪನ ತಂದಿ ಒಳಗ ಬರ್ರಿ" ಎಂದು ಚಾಂದ್ ಕೂಗಿದ. ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ ಆಚಾರ್ಯರು ಒಳಗೆ ಹೋದರು.

ಗುರುಲಿಂಗಯ್ಯನವರು ತಲೆಯೆತ್ತಿ ನೋಡಿದವರೇ ಕುರ್ಚಿ ಬಿಟ್ಟು ಎದ್ದು ನಿಂತರು. ಕೈ ತಾನಾಗಿ ಹಿಂದಕ್ಕೆ ಹೋಯಿತು. ಮೂವತ್ತು ವರ್ಷದ ಹಿಂದೆ ಛಡಿ ತಿಂದ ಕೈ ಅದು.

"ಸರ್, ನೀವಾ?"

"ಗುರುಲಿಂಗಾ, ಕುಂದ್ರು. ನಾ ಈ ಹುಡುಗನ ತಂದಿ ಅಂತ ಹೇಳ್ಲಿಕ್ಕೆ ಬಂದೇನಿ." ಆಚಾರ್ಯರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇನ್ನೂ ಹೇಳಿಲ್ಲ. ಇವತ್ತು ಏಕಾದಶಿ ಅದ, ಬಾಯಿ ಬರವಲ್ದು. ಭೇಟಿ ನಾಳಿಗಿ ಇಟ್ಟಿದ್ರ ಹೇಳಿಬಿಡ್ತಿದ್ನೋ ಏನೋ."

 ಒಳಗಿನಿಂದ ಸುದ್ದಿ ಬರುವುದು ತಡವಾದಷ್ಟೂ ವರಾಂಡದ ಕಂಬದ ಮರೆಯಲ್ಲಿ ನಿಂತಿದ್ದ ಗನಿಗೆ ತಡೆಯದಾಯಿತು. ಆಚಾರ್ಯರಿಂದ ಆಗಲಿಲ್ಲವೆಂದೇ ತೀರ್ಮಾನಿಸಿ ಚಾಂದನ ಮುಂದೆ ಬಂದು ನಿಂತ.

"ನಾ ರತ್ನದೀಪನ ತಂದಿ."

"ತಂದಿಯವರು ಆಗಲೇ ಒಳಗ ಹೋಗ್ಯಾರಲ್ರಿ."

"ಅವರು ದೊಡ್ಡ ತಂದಿ. ನಾ ಸಣ್ಣಾಂವ" ಎಂದು ಗನಿ ಶೇರ್ವಾನಿ ಜಗ್ಗಿಕೊಂಡು ನುಗ್ಗಿದ.

"ನಿಮ್ಮ ಹೆಸರು?" ಎಂದು ಗುರುಲಿಂಗಯ್ಯನವರು ಕೇಳಿದರು.

ಗನಿ ಎಲ್ಲ ಪ್ರಶ್ನೆಗೂ ತಯಾರಾಗಿದ್ದ, ಇದೊಂದನ್ನು ಬಿಟ್ಟು. "ಚಂದ್ರಾಮ" ಎಂದ. ಪಕ್ಕದಲ್ಲಿ ಆಚಾರ್ಯರು ಕುಳಿತದ್ದು ಕಂಡು ಧೈರ್ಯ ಕುಸಿದು, "ಅಬ್ದುಲ್ ಗನಿ" ಎಂದ.

"ಎರಡೂ ನಿಮ್ಮವೇ?"

"ಒಂದು ಮನ್ಯಾಗ ಕರೀತಾರ್ರಿ."

ಅಷ್ಟರಲ್ಲಿ ಹಿಂದಿನ ಗೇಟಿನಿಂದ ಮೋಟರ್‌ಸೈಕಲ್ ಬಂತು. ಲಾಲಪ್ಪ ಕಪ್ಪು ಕನ್ನಡಕದಲ್ಲೇ ವರಾಂಡ ಹತ್ತಿದ, ಬೋರ್ಡಿನ ಕಡೆ ನೋಡಲಿಲ್ಲ, ಚಾಂದನ ಕಡೆಗೂ ನೋಡಲಿಲ್ಲ. ಚಾಂದ್ ಬಾಗಿಲಲ್ಲಿ ತಲೆ ಹಾಕಿ ಶಾಂತವಾಗಿ ಹೇಳಿದ: "ಸಾಹೇಬ್ರ, ಇನ್ನೊಬ್ಬರು ತಂದಿ ಬಂದಾರ."

ಆಮೇಲೆ ನನ್ನ ಕಡೆ ತಿರುಗಿ, "ನೀವೂ ತಂದಿನೇನ್ರಿ?" ಎಂದು ಕೇಳಿದ.

"ಅಲ್ಲಪ್ಪ, ನಾ ಸುಮ್ನ ಬಂದಾಂವ" ಎಂದೆ.

ಲಾಲಪ್ಪ ಒಳಗೆ ಹೋಗಿ ಮೇಜಿನ ಮುಂದೆ ನಿಂತು, ಯಾರೂ ಕೇಳುವ ಮೊದಲೇ, "ಐ ಯಾಮ್ ದಿ ಫಾದರ್. ಆಕ್ಚುಲಿ" ಎಂದ. ಕನ್ನಡಕ ತೆಗೆದ ಮೇಲೆ ಅವನಿಗೆ ಕೋಣೆ ಕಾಣಿಸಿತು. ಒಂದು ಕಡೆ ರುಮಾಲು ತೊಡೆಯ ಮೇಲಿಟ್ಟ ಆಚಾರ್ಯರು, ಇನ್ನೊಂದು ಕಡೆ ಮದುಮಗನಂತೆ ಗನಿ. ಕನ್ನಡಕವನ್ನು ಮತ್ತೆ ಹಾಕಿಕೊಂಡ.

ಗುರುಲಿಂಗಯ್ಯನವರ ಮುಖ ಬಿಗಿಯಾಯಿತು. ಆಚಾರ್ಯರು ಸುಳ್ಳು ಹೇಳಿರಲಿಲ್ಲ, ಗನಿ ಅರ್ಧ ಹೇಳಿದ್ದ. ಇವನು ಪೂರ್ತಿ ಹೇಳಿದ್ದ, ಅದೂ ಇಂಗ್ಲಿಷಿನಲ್ಲಿ.

"ಹೊರಗ ಬೋರ್ಡು ಅದ, ಓದಿಲ್ಲೇನು? ಈ ಶಾಲ್ಯಾಗ ಸುಳ್ಳಿಗಿ ಜಾಗಾ ಇಲ್ಲ. ಹುಡುಗ ಎಷ್ಟು ಜಾಣ ಇದ್ರೂ ಸರಿ. ಚಾಂದ್, ಮುಂದಿನ ಹುಡುಗನ ಪಾಲಕರನ್ನ ಕರಿ."

ಚಾಂದ್ ಏಳಲಿಲ್ಲ. ಅವನ ಕಾಲು ಜೋಮು ಹಿಡಿದಿತ್ತಂತೆ. ಹನ್ನೆರಡು ವರ್ಷದ ನೌಕರಿಯಲ್ಲಿ ಅದು ಮೊದಲ ಸಲ ಹಿಡಿದದ್ದು.

ನಾಲ್ಕು ಮಾತಾಡುತ್ತೇನೆ ಎಂದಿದ್ದ ಗನಿ ಒಂದೇ ಆಡಿದ. "ಸಾಹೇಬ್ರ, ಬೇಕಾದ್ರ ನಮ್ಮ ಮೂರು ಮಂದೀನೂ ರದ್ದು ಮಾಡ್ರಿ. ಹುಡ್ಗನ್ನ ಮಾಡಬ್ಯಾಡ್ರಿ."

ಗುರುಲಿಂಗಯ್ಯನವರು ಹುಡುಗನನ್ನೇ ಕರೆಸಿದರು. ರತ್ನದೀಪ ಒಳಗೆ ಬಂದು ಕೈಕಟ್ಟಿ ನಿಂತ.

"ನಿಮ್ಮಪ್ಪ ಯಾರು?"

ಹುಡುಗ ಮೂವರನ್ನೂ ಸಾವಕಾಶವಾಗಿ ನೋಡಿದ. ಮೂವರಿಗೂ ಮಾತು ಕೊಟ್ಟಾಗಿತ್ತು. ಒಬ್ಬರ ಹೆಸರು ಹೇಳಿದರೆ ಇಬ್ಬರಿಗೆ ಮೋಸ.

"ಇವತ್ತಿಂದು ಹೇಳ್ಲೇನ್ರಿ ಸರ್, ದಿನಾಲಿಂದು ಹೇಳ್ಲೇನ್ರಿ?"

ಗುರುಲಿಂಗಯ್ಯನವರು ಮೀಸೆಯ ಮೇಲೆ ಕೈಯಿಟ್ಟುಕೊಂಡರು. ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. "ದಿನಾಲಿಂದು ಹೇಳು."

ಹುಡುಗ ಕಿಟಕಿಯಾಚೆ ಬೆರಳು ತೋರಿಸಿದ. ಬೇವಿನ ಮರದ ಕೆಳಗೆ ಚೀಲ ಹಿಡಿದ ಮನುಷ್ಯ ನಿಂತೇ ಇದ್ದ. ಅವನ ಮುಂದೆ ಈಗ ಒಬ್ಬ ಹೆಂಗಸು ನಿಂತು ಕೈ ಬೀಸಿ ಮಾತಾಡುತ್ತಿದ್ದಳು. ತಮ್ಮನ ಮೇಲೂ ಪೂರ್ತಿ ಭರವಸೆ ಸಾಲದೆ ಶಿವಕಾಂತಮ್ಮ ಬಸ್ಸು ಹಿಡಿದು ಬಂದಿದ್ದಳು. ಮರುಗಳಿಗೆಯಲ್ಲಿ ಗಂಡನ ಚೀಲದ ಪಟ್ಟಿ ಹಿಡಿದು ಅವನನ್ನು ವರಾಂಡಕ್ಕೆ ಎಳೆದುಕೊಂಡು ಬಂದಳು. ಚಾಂದ್ ಯಾರೆಂದು ಕೇಳುವ ಮೊದಲೇ ಒಳಗೆ ನುಗ್ಗಿದಳು.

"ಸಾಹೇಬ್ರ, ತಂದಿ ಎಷ್ಟು ಮಂದಿ ಆಗ್ಯಾರೋ ನನಗ ಗೊತ್ತಿಲ್ಲ. ತಾಯಿ ನಾ ಒಬ್ಬಾಕಿ. ಅಷ್ಟರ ಖಾತ್ರಿ ಇಟ್ಕೋರಿ. ಇಂವ ಅವನ ತಂದಿ."

ಗುರುಲಿಂಗಯ್ಯನವರು ಚಂದ್ರಾಮನನ್ನು ನೋಡಿದರು. "ನೀವು ಹೊರಗ ನಿಂತು ಮೂರು ಮಂದಿಗಿ ಒಳಗ ಕಳಿಸೀರಿ. ಯಾಕ?"

"ಇಬ್ಬರಿಗೇ ಕಳಿಸೀನ್ರಿ" ಎಂದ ಚಂದ್ರಾಮ ಪ್ರಾಮಾಣಿಕವಾಗಿ. "ಮೂರನೆಯಾಂವ ಯಾಕ ಬಂದಾನೋ ನನಗೂ ತಿಳೀವಲ್ದು."

"ಅಂವ ನನ್ನ ಕಡಿಯಾಂವ" ಎಂದಳು ಶಿವಕಾಂತಮ್ಮ. "ನಿಮ್ಮ ಬಂದೋಬಸ್ತಿನ ಮ್ಯಾಲ ನನಗ ಭರೋಸಾ ಇರಲಿಲ್ಲ."

"ನಾ ಕೇಳಿದ್ದು ಯಾಕ ಅಂತ."

ಚಂದ್ರಾಮ ಚೀಲವನ್ನು ಎದೆಗೆ ಹಿಡಿದುಕೊಂಡ. "ನಾ ಓದಿದಾಂವ ಅಲ್ರಿ. ಗಣಿತದಾಗ ಹೋದೆ, ಮುಂದ ಶಾಲಿ ಮುಖಾ ನೋಡಿಲ್ಲ. ಹುಡ್ಗ ತನ್ನ ಕಸುವಿನ ಮ್ಯಾಲ ಇಲ್ಲಿತನಕಾ ಬಂದಾನ್ರಿ. ನನ್ನ ಬಾಯಿಂದ ಅವನ ಗಾಡಿ ನಿಲ್ಲಬಾರ್ದು ಅಂತ ಅಂಜಿದೆ. ಆಗದ ಕೆಲಸಕ್ಕ ಆಗಾಂವನ್ನ ಕಳಿಸೂದು ನಮ್ಮ ಕಡಿ ಪದ್ಧತಿ. ತಪ್ಪಾಗಿದ್ರ ನನ್ನ ಮ್ಯಾಲ ಬರೀರಿ."

ಗುರುಲಿಂಗಯ್ಯನವರು ಪೆನ್ನು ಕೆಳಗಿಟ್ಟರು.

"ನಾ ಎಲ್ಲಾ ಅಪ್ಪಂದಿರಿಗೂ ಕೇಳೂದು ಒಂದೇ ಪ್ರಶ್ನೆ. ನಮ್ಮದು ಹಗಲು ಶಾಲಿ. ಹಗಲು ನಾವು ನೋಡ್ಕೋತೀವಿ. ಸಂಜಿಗಿ ಹುಡುಗ ಮನಿಗಿ ಬಂದ ಮ್ಯಾಲ ಅವನ ಜೋಡಿ ಯಾರು ಕುಂದರ್ತೀರಿ?"

ಇಷ್ಟೇ ಪ್ರಶ್ನೆ. ಇದಕ್ಕೇ ಆ ಇಂಜಿನಿಯರರು, 'ಟ್ಯೂಶನ್‌ಗೆ ಹಾಕುತ್ತೇನೆ' ಎಂದು ಹೇಳಿ ಹೊರಗೆ ಬಂದದ್ದು.

"ಲೆಕ್ಕಕ್ಕ ನಾ ಕುಂದರ್ತೇನಿ" ಎಂದರು ಆಚಾರ್ಯರು. "ನಮ್ಮ ಕಟ್ಟೀ ಮ್ಯಾಲ. ಈಗೂ ಕುಂದರ್ತೇನಿ."

"ಹೋಮ್‌ವರ್ಕ್ ನಮ್ಮ ದುಕಾನಿನ್ಯಾಗ್ರಿ" ಎಂದ ಗನಿ. "ಮಷೀನಿನ ಸಪ್ಪಳ ಇದ್ರ ಅವನಿಗಿ ನಿದ್ದಿ ಬರಂಗಿಲ್ಲ."

"ಐತವಾರ ಇಂಗ್ಲಿಷ್ ನಾ" ಎಂದ ಲಾಲಪ್ಪ. ಈ ಸಲ ಆಕ್ಚುಲಿ ಅನ್ನಲಿಲ್ಲ.

"ಉಣಿಸೂದು, ಬೈಯೂದು ನಾ" ಎಂದಳು ಶಿವಕಾಂತಮ್ಮ.

"ನೀವು?" ಎಂದು ಗುರುಲಿಂಗಯ್ಯನವರು ಚಂದ್ರಾಮನನ್ನು ಕೇಳಿದರು.

"ನಾ ಏನೂ ಕಲಿಸಂಗಿಲ್ರಿ. ಡ್ಯೂಟಿಲಿಂದ ಬಂದು ಬಾಜೂಕ ಕುಂದರ್ತೀನಿ. ಅಂವ ಓದೂದು ಮುಗಸೂತನಕ ಏಳಂಗಿಲ್ಲ."

"ಅಂವ ಓದೂದು ನಿಮಗ ತಿಳೀತದ?"

"ಇಲ್ರಿ."

ಸಾಹೇಬರು ಅರ್ಜಿ ತೆಗೆದು ಸಹಿ ಮಾಡಿದ್ದು ಹೊರಗೆ ಚಾಂದನಿಗೆ ಪೆನ್ನಿನ ಗೀರಿನಿಂದಲೇ ಗೊತ್ತಾಯಿತು. ತಕ್ಷಣ ಕಾಲಿನ ಜೋಮು ಬಿಟ್ಟಿತು.

ಆದರೆ ಚಂದ್ರಾಮ ಹೊರಡಲಿಲ್ಲ. "ಸಾಹೇಬ್ರ, ನಂದೂ ಒಂದು ಪ್ರಶ್ನೆ ಅದರಿ. ಸಂಜಿಗಿ ನಾವು ಬರೂದು ತಡಾ ಆದ್ರ?"

"ಶಾಲಿ ಬಿಟ್ಟು ಅರ್ಧ ತಾಸಿಗಿ ಗೇಟ್ ಬಂದ್ ಆಗ್ತದ."

"ಹಂಗ ನಡಿಯಂಗಿಲ್ರಿ" ಎಂದ ಚಂದ್ರಾಮ. ಧ್ವನಿ ಈಗ ಗಟ್ಟಿಯಾಗಿತ್ತು. ಮಾತು ಅವನ ಕೆಲಸದ ಹಳಿಗೆ ಬಂದಿತ್ತು. "ರಿಲೀವರ್ ಬರೂತನಕ ಜಾಗಾ ಬಿಡಬಾರ್ದು. ಹುಡ್ಗನ್ನ ನಮ್ಮ ಕೈಯಾಗ ಕೊಟ್ಟು, ಚಾರ್ಜ್ ಕೊಟ್ಟೆ ಅಂತ ಹೇಳಿ, ಆಮ್ಯಾಲ ನೀವು ಮನಿಗಿ ಹೋಗಬೇಕ್ರಿ. ಕಂಡ ಕಂಡವರ ಕೈಯಾಗ ಕೊಡಬಾರ್ದು. ಇದು ಆಗ್ತದೇನ್ರಿ?"

ಶಿವಕಾಂತಮ್ಮ ಗಂಡನ ಚೀಲ ಜಗ್ಗಿದಳು. ಸಿಕ್ಕ ಸೀಟು ಇವನ ಬಾಯಿಂದಲೇ ಹೋಗುತ್ತದೆಂದು ಲಾಲಪ್ಪ ಕಣ್ಣು ಮುಚ್ಚಿಕೊಂಡ. ಗುರುಲಿಂಗಯ್ಯನವರು ತಮ್ಮ ಹಳೆಯ ಮಾಸ್ತರರ ಕಡೆ ನೋಡಿದರು. ಆಚಾರ್ಯರು ಉತ್ತರಕ್ಕಾಗಿ ಕಾಯುತ್ತಿದ್ದರು, ತರಗತಿಯಲ್ಲಿ ಕಾಯುತ್ತಿದ್ದ ಹಾಗೆಯೇ.

"ಆಗ್ತದ" ಎಂದರು ಗುರುಲಿಂಗಯ್ಯನವರು.

ಚಾಂದ್ ಹೊರಗೆ ಬಂದು ನನಗೆ ಸುದ್ದಿ ಕೊಟ್ಟದ್ದು ಹೀಗೆ: "ಹುಡ್ಗ ಪಾಸ್, ಅಪ್ಪ ಪಾಸ್. ನಮ್ಮ ಸಾಹೇಬ್ರೂ ಪಾಸ್ ಆದ್ರು."

ಶಾಲೆ ಶುರುವಾಯಿತು. ವಾಡಿ ಹತ್ತಿರವಾದ್ದರಿಂದ ರತ್ನದೀಪ ದಿನಾಲೂ ಗಾಡಿಯಲ್ಲೇ ಹೋಗಿ ಬರುತ್ತಿದ್ದ. ಸಂಜೆ ಹುಡುಗನನ್ನು ಕರೆತರಲು ಯಾರು ಬರಬಹುದೆಂದು ಚಾಂದ್ ಹೆಸರು ಬರೆದುಕೊಂಡಿದ್ದ: ತಂದೆ, ತಾಯಿ, ಆಚಾರ್ಯರು, ಗನಿ, ಲಾಲಪ್ಪ. ನನ್ನ ಹೆಸರು ಇರಲಿಲ್ಲ. ಸುಮ್ಮನೆ ಬಂದವ ಎಂದು ನನ್ನ ಬಾಯಿಂದಲೇ ಹೇಳಿದ್ದೆನಲ್ಲ.

ಮಳೆಗಾಲದ ಒಂದು ಸಂಜೆ ನನ್ನ ಫೋನು ಸದ್ದು ಮಾಡಿತು. ಚಂದ್ರಾಮ.

"ವಾಸುದೇವಣ್ಣ, ನನ್ನ ರಿಲೀವರ್ ಬಂದಿಲ್ರಿ. ಜಾಗಾ ಬಿಡೂಹಂಗಿಲ್ಲ. ಆಚಾರ್ರು ಕಣ್ಣಿನ ಆಪರೇಶನ್ ಅಂತ ಕಲಬುರಗಿಗಿ ಹೋಗ್ಯಾರ, ಖರೇನೇ ಹೋಗ್ಯಾರ. ಗನಿಭಾಯಿ ಸೇಡಂಕ ಲಗ್ನಕ್ಕ ಹೋಗ್ಯಾನ. ಲಾಲಪ್ಪ ಶಿಫ್ಟಿನ್ಯಾಗ ಅದಾನ, ನಮ್ಮಾಕಿ ತವರುಮನಿಗಿ ಹೋಗ್ಯಾಳ. ಇವತ್ತೊಂದಿನ ನೀವು ಅಪ್ಪ ಆಗಬೇಕ್ರಿ."

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಪಾಲಿಸಿಯ ಚೀಲವನ್ನು ಮನೆಯಲ್ಲೇ ಬಿಟ್ಟೆ. ಇಂಥ ಕೆಲಸಕ್ಕೆ ಅದನ್ನು ಒಯ್ಯುವುದು ಸರಿಯಲ್ಲ ಅನ್ನಿಸಿತು. ಗಾಡಿ ಹಿಡಿದು ಶಾಲೆ ಮುಟ್ಟಿದಾಗ ಗೇಟು ಅರ್ಧ ತೆರೆದಿತ್ತು. ಬೇವಿನ ಮರದ ಕೆಳಗೆ ಗುರುಲಿಂಗಯ್ಯನವರು ಕೊಡೆ ಹಿಡಿದು ಕುಳಿತಿದ್ದರು. ಕೊಡೆಯ ಹೆಚ್ಚಿನ ಪಾಲು ರತ್ನದೀಪನ ತಲೆಯ ಮೇಲಿತ್ತು. ಹುಡುಗ ಓದುತ್ತಿದ್ದ.

"ಹುಡುಗನ್ನ ಕರ್ಕೊಂಡು ಹೋಗ್ಲಾಕ ಬಂದೀನ್ರಿ" ಎಂದೆ. ದಾರಿಯುದ್ದಕ್ಕೂ ಅಂದುಕೊಂಡು ಬಂದ ಮಾತು.

"ನಿಮ್ಮ ಹೆಸರು?"

"ವಾಸುದೇವ."

ಚಾಂದ್ ಇಲ್ಲವೆಂದು ತಲೆಯಾಡಿಸಿದ.

"ಚಂದ್ರಾಮಗ ಫೋನ್ ಹಚ್ಚಿ ಕೊಡ್ತೀನ್ರಿ, ಮಾತಾಡ್ರಿ."

"ಫೋನಿನ್ಯಾಗ ಯಾರು ಮಾತಾಡ್ತಾರಂತ ಹ್ಯಾಂಗ ನಂಬಲಿ? ತಂದೀನೇ ಬದಲಿ ಕಳಿಸಿದ ಓಣಿ ನಿಮ್ಮದು. ಕುಂದ್ರಿ. ರಿಲೀವರ್ ಬರೂತನಕ ನಾ ಜಾಗಾ ಬಿಡಂಗಿಲ್ಲ, ಮಾತು ಕೊಟ್ಟೀನಿ."

ಕಾಕಾ ನಮ್ಮ ಓಣಿಯವರೇ ಎಂದು ಹುಡುಗ ನನ್ನ ಪರವಾಗಿ ಸಾಕ್ಷಿ ಹೇಳಿದ. ಪ್ರಯೋಜನವಾಗಲಿಲ್ಲ. ಕುಳಿತೆ. ಕಲ್ಲು ಒದ್ದೆಯಾಗಿತ್ತು, ಇಸ್ತ್ರಿ ಹಾಳಾಯಿತು. ಚಾಂದ್ ಚಹಾ ತಂದ. ಗುರುಲಿಂಗಯ್ಯನವರ ಮನೆಯಿಂದ ಎರಡು ಸಲ ಕರೆ ಬಂತು. "ರಿಲೀವರ್ ಇನ್ನೂ ಬಂದಿಲ್ಲ" ಎಂದು ಎರಡು ಸಲವೂ ಹೇಳಿದರು.

ಕತ್ತಲಾಗುವ ಹೊತ್ತಿಗೆ ಚಂದ್ರಾಮ ಓಡುತ್ತ ಬಂದ. ಕಂಕುಳಲ್ಲಿ ಹಸಿರು ಕೆಂಪು ಬಾವುಟ ಹಾಗೇ ಇದ್ದವು. ಗುರುಲಿಂಗಯ್ಯನವರು ಎದ್ದು ನಿಂತು, ಹುಡುಗನ ಕೈ ಅವನ ಕೈಗಿಟ್ಟರು.

"ಚಾರ್ಜ್ ಕೊಟ್ಟೆ."

"ತಗೊಂಡೆರಿ. ಏನರ ವಿಶೇಷ ಅದೇನ್ರಿ?"

"ಎಲ್ಲಾ ಬರೋಬ್ಬರ್ ಅದ. ಇತಿಹಾಸದ ಒಂದು ಪಾಠ ಉಳಿದದ." ಹೀಗೆ ಹೇಳಿ ಗುರುಲಿಂಗಯ್ಯನವರು ಕೊಡೆ ಮಡಚಿ ಮನೆಯ ದಾರಿ ಹಿಡಿದರು. ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ ಬಂತು, ನನ್ನನ್ನು ನಂಬದಿದ್ದರೂ.

ವಾಪಸಾಗುವ ಗಾಡಿಯಲ್ಲಿ ಚಂದ್ರಾಮ ಕುಳಿತದ್ದೇ ತಡ ನಿದ್ದೆ ಹೋದ. ಎರಡು ಪಾಳಿ ಒಟ್ಟಿಗೆ ಮಾಡಿ ಬಂದಿದ್ದ. ಹುಡುಗ ಉಳಿದ ಪಾಠ ತೆರೆದು ಸ್ವಲ್ಪ ಹೊತ್ತು ಓದಿದ, ಆಮೇಲೆ ಪುಸ್ತಕ ಮಡಿಲಿಗೆ ಜಾರಿತು, ತಲೆ ನನ್ನ ಭುಜಕ್ಕೆ ಬಂತು. ನಾನೂ ದಣಿದಿದ್ದೆ. ಆದರೆ ಹಾಗೇ ಬಿಟ್ಟರೆ ಮೂವರೂ ವಾಡಿ ದಾಟಿ ಎಲ್ಲಿಗೋ ಹೋಗುತ್ತಿದ್ದೆವು.

ನನ್ನ ಹೆಸರು ಯಾರ ಪಟ್ಟಿಯಲ್ಲೂ ಇರಲಿಲ್ಲ, ಚಾರ್ಜನ್ನೂ ಯಾರೂ ಕೊಟ್ಟಿರಲಿಲ್ಲ. ವಾಡಿ ಬರುವವರೆಗೆ ನಾನು ಭುಜ ಅಲುಗಿಸಲಿಲ್ಲ, ಕಣ್ಣೂ ಮುಚ್ಚಲಿಲ್ಲ.